ಆರೋಗ್ಯವಿದ್ಯೆಗಾಗಿ ಕಡಲು ದಾಟಿದವರು

ಕಟಪಾಡಿಯಿಂದ ಪಡುವಣಕ್ಕೆ ಹೊರಟ ದಾರಿಯು ಹೊಳೆಯನ್ನು ದಾಟಿ, ತೆಂಗಿನ ತೋಟಗಳ ನಡುವೆ ನುಸುಳಿ, ಕಡಲ ಕರೆಗೆ ಬಂದು ನಿಲ್ಲುವಲ್ಲಿ ಮಟ್ಟು ಎಂಬ ನಮ್ಮ ಗ್ರಾಮವಿರುವುದು. ಮಳೆಗಾಲದ ಬತ್ತದ ಕೊಯ್ಲಾದ ಮೇಲೆ ಇಲ್ಲಿಯ ಮರಳುಮಿಶ್ರವಾದ ನೆಲದಲ್ಲಿ ಬೆಳೆಯುವ ಗುಳ್ಳವನ್ನು ಕುರಿತು ಈ ಪತ್ರಿಕೆಯ ವಾಚಕರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ಅದರ ಬೀಜವನ್ನು ಸೋದೆ ಮಠದ ಶ್ರೀ ವಾದಿರಾಜ ಸ್ವಾಮಿಗಳು ಅನುಗ್ರಹಿಸಿದರೆಂಬ ನಂಬುಗೆಯು ಊರಿನಲ್ಲಿ ಇಂದಿಗೂ ದೃಢವಾಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಾನೀಗ ಬರೆಯಹೊರಟಿರುವುದು ಗುಳ್ಳದ ನೆವದಿಂದ ಮನಸ್ಸಿಗೆ ಹೊಕ್ಕ ಬೇರೊಂದು ಸಂಗತಿಯನ್ನು ಕುರಿತು.

ಕೆಲವು ವರ್ಷಗಳ ಹಿಂದೆ ಮಣಿಪಾಲದಲ್ಲಿ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಲು ಬಂದಿದ್ದ ಪರದೇಶದ ವಿದ್ಯಾರ್ಥಿನಿಯೊಬ್ಬಳು, ಕನ್ನಡ ಬಲ್ಲ ಸಹಪಾಠಿಯೊಬ್ಬನನ್ನು ಜತೆಗಿಟ್ಟುಕೊಂಡು ನಮ್ಮೂರಿಗೆ ಬಂದಿದ್ದಳು. ಬಾಣಂತಿಯರ ಆಹಾರವನ್ನು ಕುರಿತು ನಾಲ್ಕಾರು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುವುದು ಅವಳ ಉದ್ದೇಶ. ನಮ್ಮ ನೆರೆಮನೆಯ ವೃದ್ಧಮಾತೆಯು ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಹೇಳುತ್ತ, ಊರಿಗೆಲ್ಲ ಹೆಸರು ತಂದ ಆ ಗುಳ್ಳವನ್ನೇ ಬಾಣಂತಿಗೆ ಕೊಡಕೂಡದೆಂದೂ, ಬದನೆಯ ಜಾತಿಯೆಲ್ಲ ನಂಜೆಂದೂ ಹೇಳಿದರು. ‘ನಂಜು ಅಂದರೇನು?’ ಎಂದು ಹುಡುಗಿ ಕೇಳಿದಳು. ಸಹಪಾಠಿಯು ಮೊದಲು ‘ವಿಷ’ವೆಂದು ಹೇಳಿದನು, ಆ ಬಳಿಕ ತಾನೇ ನಾಚಿ ‘ಅಲರ್ಜಿ’ ಎಂದನು, ಅದೂ ಹೊಂದದೆ ಕೀವು, ಬಾವು ಎಂದೇನೇನೋ ಹೇಳಿ ಕೊನೆಗೆ ಕೈಬಿಟ್ಟನು. ‘ನಂಜು ಅಂದ್ರೆ ನಂಜೇ ಮಗಾ, ಅದಕ್ಕೆ ಬೇರೆ ಹೆಸರು ಎಂಥದ್ದು?’ ಎಂದು ಅಜ್ಜಿ ನಕ್ಕರು. ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಲೇಖನಿಯನ್ನು ಮುಚ್ಚಿ, ತಾನು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ನೋಡಬಹುದೇ ಎಂದು ಕೇಳಿದಳು.

ಅವಳು ಹೋದ ಮೇಲೆ ನನಗೆ ತೋರಿದ್ದೇನೆಂದರೆ: ನಮ್ಮವರೂ ಒಂದು ಕಾಲಕ್ಕೆ ಹೀಗೆಯೇ ಪರರ ಹೊಸ್ತಿಲಲ್ಲಿ ಕುಳಿತು ಆರೋಗ್ಯವನ್ನು ಕಲಿತಿರಬೇಕಷ್ಟೆ. ಅವರು ಯಾರು? ಏನನ್ನು ಕಲಿತರು? ಕಲಿತು ತಂದುದನ್ನು ಏನು ಮಾಡಿದರು?

ವೈದ್ಯಕ್ಕಾಗಿ ವಿಲಾಯತಿಗೆ ಹೋಗಿ ಬಂದವರು ಹಲವರುಂಟು. ಹೆಸರಿನ ಮುಂದೆ ನಾಲ್ಕಕ್ಷರಗಳನ್ನು ಸೇರಿಸಿಕೊಂಡು ಬಂದು, ದೊಡ್ಡ ಪಟ್ಟಣಗಳಲ್ಲಿ ಬಂಗಲೆ ಕಟ್ಟಿಸಿಕೊಂಡು, ಒಳ್ಳೆಯ ಚಿಕಿತ್ಸಕರೆಂದು ಹೆಸರು ಪಡೆದರು. ಅವರಲ್ಲಿ ದೋಷವೇನೂ ಇಲ್ಲ. ಆದರೆ ರೋಗಿಯ ಚಿಕಿತ್ಸೆಯನ್ನಲ್ಲದೆ ಜನಸಮುದಾಯದ ಆರೋಗ್ಯವನ್ನೇ ಒಂದು ವಿದ್ಯೆಯೆಂದೆಣಿಸಿ, ಅದಕ್ಕಾಗಿಯೇ ಪರದೇಶದಲ್ಲಿ ಹಲವು ವರ್ಷ ಬಾಳಿ ಬಂದ ಕನ್ನಡಿಗರಲ್ಲಿ ಮೊದಲು ನೆನೆಯಬೇಕಾದವರು ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು. ಸೇವಾದಳದ ಸ್ಥಾಪಕರೆಂದು ಅವರನ್ನು ಎಲ್ಲರೂ ಬಲ್ಲರು. ಅವರ ಹೆಸರಿನ ಹಿಂದಿರುವ ‘ಡಾಕ್ಟರ್’ ಎಂಬ ಮಾತು ಎಲ್ಲಿಂದ ಬಂತೆಂದು ಕೇಳುವವರು ಕಡಮೆ.

ಹರ್ಡೀಕರರು ಹುಟ್ಟಿದ್ದು 1889ರಲ್ಲಿ. ಧಾರವಾಡ ಸೀಮೆಯಲ್ಲಿ ಅವರ ಬಾಲ್ಯವೆಂದರೆ ಪ್ಲೇಗಿನ ಕಾಲ. ಮುಂಬಯಿಗೆ 1896ರಲ್ಲಿ ಕಾಲಿಟ್ಟ ಆ ಮಾರಿಯು ಒಂದೆರಡು ವರ್ಷಗಳಲ್ಲಿ ರೈಲುದಾರಿಯನ್ನು ಹಿಡಿದು ಹುಬ್ಬಳ್ಳಿಗೂ ಬಂತು. ಜನರು ಮನೆಗಳನ್ನು ಬಿಟ್ಟು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. 1898ರಲ್ಲಿ ಅದೇ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಎಂಬ ಶಾಸ್ತ್ರಜ್ಞನ ಹೊಸ ಲಸಿಕೆಯನ್ನು ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಅಷ್ಟು ದೊಡ್ಡ ಪ್ರಯೋಗವು ಅದಕ್ಕೆ ಮುಂಚೆ ಪ್ಲೇಗಿನ ವಿಷಯದಲ್ಲಿ ಎಲ್ಲಿಯೂ ನಡೆದಿರಲಿಲ್ಲ. ಹಾಫ್‌ಕಿನ್ನನೂ ಪರದೇಶದಲ್ಲಿ ಓದಿದವನೇ: ರಶಿಯದ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಪಾಶ್ಚರನ ಸಂಸ್ಥೆಯಲ್ಲಿ ಕಲಿತು, 1893ರಲ್ಲಿ ನಮ್ಮ ದೇಶಕ್ಕೆ ಬಂದು ವಾಂತಿಭೇದಿಗೆ ಲಸಿಕೆ ಹಾಕುತ್ತ ಹಳ್ಳಿಹಳ್ಳಿ ತಿರುಗಿದವನು. ಒಂಬತ್ತು ವರ್ಷದ ಬಾಲಕನು ಇಂಥ ಕಾಲದಲ್ಲಿ ಕಣ್ಣು ತೆರೆದನೆಂದ ಮೇಲೆ, ಆರೋಗ್ಯವೆಂಬುದು ಒಬ್ಬೊಬ್ಬರ ಮನೆಯ ವಿಷಯವಲ್ಲವೆಂಬ ಪಾಠವು ಅವನಿಗೆ ಪುಸ್ತಕಕ್ಕಿಂತ ಮೊದಲೇ ಆಗಿರಬೇಕು.

ಮುಂದೆ ಅವರು ಕಲಕತ್ತೆಯಲ್ಲಿ ವೈದ್ಯವನ್ನು ಅಭ್ಯಸಿಸಿದರು. 1913ರಲ್ಲಿ ಅಮೆರಿಕೆಗೆ ಹೊರಟರು.

ಆ ದಿನಗಳಲ್ಲಿ ಹಡಗು ಹತ್ತುವುದೆಂದರೆ ಚೀಟಿನ ಹಣವೊಂದನ್ನೇ ಹೊಂದಿಸುವ ಮಾತಾಗಿರಲಿಲ್ಲ. ಸಮುದ್ರೋಲ್ಲಂಘನ ಮಾಡಿದವನಿಗೆ ಪಂಕ್ತಿಯಲ್ಲಿ ಎಲೆ ಹಾಕುವರೋ ಇಲ್ಲವೋ ಎಂಬ ಭಯವು ನಮ್ಮ ಕರಾವಳಿಯ ಮನೆಗಳಲ್ಲಿಯೂ ಘಟ್ಟದ ಮೇಲಣ ಮನೆಗಳಲ್ಲಿಯೂ ಸಮಾನವಾಗಿತ್ತು. ಬಾರಕೂರು ಬಸರೂರುಗಳ ಬಂದರದಿಂದ ನೂರಾರು ವರ್ಷ ಅಕ್ಕಿಯನ್ನೂ ಮೆಣಸನ್ನೂ ಅರಬರ ದೇಶಕ್ಕೆ ಕಳುಹಿಸಿದ ಸೀಮೆಯೇ ಇದು. ಸರಕು ದಾಟಬಹುದು, ಮನೆಯ ಮಗ ದಾಟಕೂಡದು! ಆ ಚರ್ಚೆಯು ಪೂರಾ ಹಳತಾಯಿತೆಂದು ತಿಳಿಯುವ ಹಾಗೂ ಇಲ್ಲ. 2008ರ ಪುತ್ತಿಗೆ ಪರ್ಯಾಯದ ಸಂದರ್ಭದಲ್ಲಿ ಸ್ವಾಮಿಗಳ ವಿದೇಶಯಾತ್ರೆಯನ್ನು ಕುರಿತು ಉಡುಪಿಯಲ್ಲಿ ಎದ್ದ ವಾದವನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಶಂಕೆಗಳಿದ್ದ ಕಾಲದಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣನು ಇಂಗ್ಲೆಂಡನ್ನೂ ಬಿಟ್ಟು, ಇನ್ನೂ ದೂರದ ಅಮೆರಿಕೆಯನ್ನು ಆರಿಸಿಕೊಂಡನು. ಆಳುವವರ ದೇಶದಲ್ಲಿ ಆಳಿಸಿಕೊಳ್ಳುವವನು ವಿದ್ಯಾರ್ಥಿಯಾಗಿರುವುದಕ್ಕೂ, ಒಮ್ಮೆ ಅದೇ ಒಡೆಯನಿಂದ ಬಿಡಿಸಿಕೊಂಡ ದೇಶದಲ್ಲಿ ವಿದ್ಯಾರ್ಥಿಯಾಗಿರುವುದಕ್ಕೂ ಇರುವ ಅಂತರವನ್ನು ಆ ತಲೆಮಾರಿನ ತರುಣರು ಚೆನ್ನಾಗಿ ಅರಿತಿದ್ದರು.

ಅವರು ಸೇರಿದ್ದು ಆನ್ ಆರ್ಬರ್ ಎಂಬ ಚಿಕ್ಕ ಪಟ್ಟಣದಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯವನ್ನು. ಅಲ್ಲಿಯ ಆರೋಗ್ಯವಿದ್ಯೆಯ ವಂಶಾವಳಿಯು ಸ್ವಾರಸ್ಯವಾಗಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಾಂತಿಭೇದಿಯ ಕಾರಣವನ್ನು ಹುಡುಕುತ್ತ ಜರ್ಮನಿಯ ರಾಬರ್ಟ್ ಕೋಖ್ ಎಂಬ ಪಂಡಿತನು 1883ರ ಕೊನೆಯಲ್ಲಿ ನಮ್ಮ ಕಲಕತ್ತೆಗೆ ಬಂದನು. ಅಲ್ಲಿಯ ಬಡವರ ಕೇರಿಯ ಕೆರೆಯೊಂದರ ನೀರಿನಲ್ಲಿ, ಕುಡಿಯುವುದು, ಮೀಯುವುದು, ಬಟ್ಟೆ ಒಗೆಯುವುದು ಎಲ್ಲವೂ ನಡೆಯುತ್ತಿದ್ದ ನೀರಿನಲ್ಲಿ, ರೋಗಿಗಳ ಕರುಳಿನಲ್ಲಿ ಕಂಡ ಅದೇ ಜಂತುವನ್ನು ಕಂಡು 1884ರಲ್ಲಿ ಲೋಕಕ್ಕೆ ತಿಳಿಸಿದನು. ಅವನು ಬರ್ಲಿನ್ನಿಗೆ ಹಿಂದಿರುಗಿದ ಮೇಲೆ ಆ ಹೊಸ ವಿದ್ಯೆಯನ್ನು ಕಲಿಯಲು ನಾನಾ ದೇಶದವರು ಅವನ ಬಾಗಿಲಿಗೆ ಬಂದರು. 1888ರಲ್ಲಿ ಹಾಗೆ ಬಂದವರಲ್ಲಿ ಮಿಶಿಗನ್ನಿನ ವಿಕ್ಟರ್ ವಾನ್ ಮತ್ತು ಫ್ರೆಡರಿಕ್ ನೋವಿ ಎಂಬ ಇಬ್ಬರಿದ್ದರು. ಅವರು ಮರಳಿ ಹೋಗಿ ತಮ್ಮ ವಿಶ್ವವಿದ್ಯಾಲಯದ ಆರೋಗ್ಯ ಪ್ರಯೋಗಶಾಲೆಯಲ್ಲಿ ಜಂತುಶಾಸ್ತ್ರದ ಪಾಠವನ್ನು ತೊಡಗಿದರು. ಕಾಲು ಶತಮಾನದ ಮೇಲೆ ಕಲಕತ್ತೆಯಲ್ಲಿಯೇ ಓದಿದ ಹುಬ್ಬಳ್ಳಿಯ ಹುಡುಗನು ಆ ಪಾಠಕ್ಕಾಗಿ ಅರ್ಧ ಭೂಮಂಡಲವನ್ನು ಸುತ್ತಿ ಹೋದನು. ಕಲಕತ್ತೆಯ ಕೆರೆಯ ನೀರು ಬರ್ಲಿನ್ನಿನ ಮಾರ್ಗವಾಗಿ ಆನ್ ಆರ್ಬರಿಗೆ ಹರಿದ ಕಥೆಯಿದು.

ಹರ್ಡೀಕರರು ಓದುತ್ತಿದ್ದಾಗ ಅಲ್ಲಿಯ ವೈದ್ಯವಿದ್ಯಾಶಾಲೆಗೆ ಈ ವಾನ್ ಪಂಡಿತನೇ ಮುಖ್ಯಸ್ಥನಾಗಿದ್ದನು. ಅವನ ಹೆಸರು ಪ್ರಖ್ಯಾತವಾದದ್ದು 1898ರ ಸ್ಪೇನ್ ಯುದ್ಧದ ಕಾಲದಲ್ಲಿ. ಯುದ್ಧಕ್ಕೆಂದು ಕೂಡಿಸಿದ ಅಮೆರಿಕೆಯ ಸೈನಿಕರು ರಣರಂಗವನ್ನು ಕಾಣುವ ಮೊದಲೇ, ತಮ್ಮ ದೇಶದೊಳಗಣ ಬಿಡಾರಗಳಲ್ಲಿ ಟೈಫಾಯಿಡ್ ಎಂಬ ವಿಷಮಶೀತಜ್ವರದಿಂದ ಸಾಲುಸಾಲಾಗಿ ಮಲಗಿದರು. ಇದರ ವಿಚಾರಣೆಗೆ ನೇಮಿಸಿದ ಮೂವರಲ್ಲಿ ವಾನನೂ ಒಬ್ಬನು. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ರೋಗಿಗಳೂ 1,580 ಮರಣಗಳೂ ಅವರ ಲೆಕ್ಕಕ್ಕೆ ಬಂದವು. ಗುಂಡಿಗೆ ಬಿದ್ದವರಿಗಿಂತ ಜ್ವರಕ್ಕೆ ಬಿದ್ದವರೇ ಎಷ್ಟೋ ಪಾಲು ಹೆಚ್ಚು. ಕಾರಣವನ್ನು ಅರಸುತ್ತ ಹೋದಾಗ ಅವರಿಗೆ ಒಂದು ನೋಟ ಕಂಡಿತು. ಶೌಚದ ಗುಂಡಿಗಳಿಗೆ ಸುಣ್ಣ ಚೆಲ್ಲಿದ್ದರು. ಅಡಿಗೆಯ ಡೇರೆಯಲ್ಲಿ ಅನ್ನದ ಮೇಲೆ ಕುಳಿತ ನೊಣಗಳ ಕಾಲುಗಳಲ್ಲಿ ಆ ಸುಣ್ಣವು ಬೆಳ್ಳಗೆ ಮೆತ್ತಿಕೊಂಡಿತ್ತು! ಗುಂಡಿಗಳನ್ನು ಎಲ್ಲಿ ತೋಡಬೇಕು, ಮಣ್ಣನ್ನು ಯಾವಾಗ ಮುಚ್ಚಬೇಕು, ಯಾರು ಮುಚ್ಚಬೇಕು, ಮುಚ್ಚಿದರೋ ಇಲ್ಲವೋ ಎಂದು ಯಾರು ನೋಡಬೇಕು ಎಂಬ ಚಿಕ್ಕ ಚಿಕ್ಕ ಸಂಗತಿಗಳ ಮೇಲೆ ಸಾವಿರಾರು ತರುಣರ ಪ್ರಾಣವು ನಿಂತಿತ್ತು. ಔಷಧವು ಇಲ್ಲಿ ಎರಡನೆಯ ಮಾತು, ಶಿಸ್ತು ಮೊದಲನೆಯದು. ಈ ಪಾಠವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನಾವು ಬೆಳಗಾವಿಗೆ ಬಂದಾಗ ಅದರ ಪ್ರಯೋಜನ ತಿಳಿಯುವುದು.

ಹರ್ಡೀಕರರು 1916ರಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಕಲಿಯುವುದಷ್ಟೇ ಉದ್ದೇಶವಾಗಿದ್ದರೆ ಅದೇ ವರ್ಷ ಮರಳಬಹುದಾಗಿತ್ತು. ಅವರು ಮರಳಿದ್ದು 1921ರಲ್ಲಿ. ನಡುವಣ ಐದು ವರ್ಷಗಳೇ ನನಗೆ ಮುಖ್ಯವಾಗಿ ತೋರುವುವು. ಅಮೆರಿಕೆಯಲ್ಲಿ ಆಗ ನಮ್ಮ ದೇಶದವರಿಗೆ ಮರ್ಯಾದೆಯಿತ್ತೆಂದು ಭಾವಿಸಕೂಡದು. ಯಾವ ಜಾತಿಮತದವನಾದರೂ ನಮ್ಮವನೆಲ್ಲ ಅವರಿಗೆ ‘ಹಿಂದೂ’. 1917ರ ವಲಸೆಯ ಕಾನೂನು ನಮ್ಮ ಕೂಲಿಕಾರರಿಗೆ ಅಲ್ಲಿಯ ಬಾಗಿಲನ್ನೇ ಮುಚ್ಚಿತು. ಇಂಥ ಪರಿಸ್ಥಿತಿಯಲ್ಲಿ ವಿದ್ಯಾರ್ಥಿಗಳು ಹಿಂದುಸ್ತಾನ ಸಂಘವೆಂಬ ಸಂಘವನ್ನು ಕಟ್ಟಿಕೊಂಡಿದ್ದರು. ಹರ್ಡೀಕರರು ಅದರಲ್ಲಿ ಮುಂದಾಳುಗಳಾದರು. ಲಾಲಾ ಲಜಪತರಾಯರು ಯುದ್ಧದ ಕಾಲದಲ್ಲಿ ಅಲ್ಲಿಯೇ ಸಿಕ್ಕಿಕೊಂಡು, 1917ರಲ್ಲಿ ನ್ಯೂಯಾರ್ಕಿನಲ್ಲಿ ಹೋಮ್‌ರೂಲ್ ಲೀಗನ್ನು ಸ್ಥಾಪಿಸಿದಾಗ, ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಹರ್ಡೀಕರರು ಅಗ್ರಗಣ್ಯರು. ಊರೂರು ತಿರುಗಿ ಉಪನ್ಯಾಸ ಮಾಡುತ್ತ, ಪ್ರಯೋಗಶಾಲೆಯಲ್ಲಿ ಕಾಣದ ಅಮೆರಿಕೆಯನ್ನು ಅವರು ಕಂಡರು.

ಏನು ಕಂಡರು? 1918ರ ಇನ್‌ಫ್ಲೂಯೆಂಜಾ ಆ ದೇಶವನ್ನು ಹೊಕ್ಕಾಗ ಅವರು ಅಲ್ಲಿಯೇ ಇದ್ದರು. ಸೈನ್ಯದ ಬಿಡಾರಗಳಲ್ಲಿ ತರುಣರು ದಿನಕ್ಕೆ ನೂರರ ಲೆಕ್ಕದಲ್ಲಿ ಸಾಯುವುದನ್ನು ನೋಡಿ ವಾನನಂಥ ಪಂಡಿತನೂ ತನ್ನ ವಿದ್ಯೆಯ ಬಡತನವನ್ನು ಒಪ್ಪಿಕೊಂಡನು. ಔಷಧವಿಲ್ಲದ ಆ ರೋಗದಲ್ಲಿ ಉಪಯೋಗಕ್ಕೆ ಬಂದದ್ದು ಶುಶ್ರೂಷೆ; ಮನೆಮನೆಗೆ ಗಂಜಿ ಮುಟ್ಟಿಸಿದವರು, ರೋಗಿಗಳನ್ನು ಸಾಗಿಸಿದವರು, ಸಂಬಳವಿಲ್ಲದೆ ಬಂದು ನಿಂತ ಊರಿನ ಹೆಂಗಸರು, ಗಂಡಸರು. ಅದೇ ಜ್ವರವು ಅದೇ ವರ್ಷ ನಮ್ಮ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದಿತು. ಹುಬ್ಬಳ್ಳಿ ಧಾರವಾಡಗಳ ಸುದ್ದಿಯು ವಾರಗಟ್ಟಲೆ ತಡೆದು ಕಡಲಾಚೆ ತಲಪುವಾಗ, ಅಲ್ಲಿ ಕುಳಿತವನ ಮನಸ್ಸು ಹೇಗಿದ್ದೀತೆಂಬುದನ್ನು ಬರೆದು ತಿಳಿಸಬೇಕಾದುದಿಲ್ಲ.

ಹಿಂದಿರುಗಿದ ಹರ್ಡೀಕರರು ಚಿಕಿತ್ಸಾಲಯವನ್ನು ತೆರೆದು ಕುಳಿತುಕೊಳ್ಳಲಿಲ್ಲ. ಅಸಹಕಾರದ ಕಾಲವದು. ಅವರು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾಮಂಡಲವನ್ನು ಕಟ್ಟಿದರು. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಈ ಮಂಡಲದವರು ಸೆರೆಮನೆಗೆ ಹೋದರು. ಅಲ್ಲಿಯ ಕಷ್ಟವನ್ನು ತಾಳಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಿದ್ದಾಗ ಹುಬ್ಬಳ್ಳಿಯ ತಂಡವು ಅಲುಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಇಡೀ ದೇಶಕ್ಕೆ ಅಂಥ ಸ್ವಯಂಸೇವಕರ ಸಂಸ್ಥೆಯೊಂದು ಬೇಕೆಂದು ನಿರ್ಣಯವಾಗಿ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಅದರ ತವರು ಹುಬ್ಬಳ್ಳಿಯೇ.

ಇಲ್ಲಿ ಕೆಲವರು ಹೇಳುವ ಮಾತೊಂದುಂಟು: ಅಮೆರಿಕೆಯವರೆಗೆ ಹೋಗಿ ಕಲಿತ ಆರೋಗ್ಯವಿದ್ಯೆಯು ರಾಜಕಾರಣದ ಮಡುವಿನಲ್ಲಿ ಕರಗಿಹೋಯಿತು, ಒಬ್ಬ ಒಳ್ಳೆಯ ಆರೋಗ್ಯಾಧಿಕಾರಿಯನ್ನು ಕರ್ನಾಟಕವು ಕಳೆದುಕೊಂಡಿತು, ಎಂದು. ಈ ಮಾತನ್ನು ನಾನೂ ಬಹುಕಾಲ ನಂಬಿದ್ದೆನು. ಬೆಳಗಾವಿಯ ಕಾಂಗ್ರೆಸ್ಸಿನ ವ್ಯವಸ್ಥೆಯನ್ನು ಕುರಿತು ಓದಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಯಿತು.

1924ರ ಡಿಸೆಂಬರಿನಲ್ಲಿ, ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಒಂದೇ ಸಾರಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಆ ಅಧಿವೇಶನಕ್ಕಾಗಿ, ಬೆಳಗಾವಿಯ ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಒಂದು ಡೇರೆಗಳ ಪಟ್ಟಣವೇ ಎದ್ದಿತು. ಗಂಗಾಧರರಾವ್ ದೇಶಪಾಂಡೆಯವರು ಅದರ ಸೂತ್ರಧಾರರು. ನೆರೆಯುವ ಜನಕ್ಕೆ ನೀರೆಲ್ಲಿ? ಅದಕ್ಕಾಗಿ ಹೊಸದಾಗಿ ಒಂದು ದೊಡ್ಡ ಬಾವಿಯನ್ನೇ ತೋಡಿ ಪಂಪಾಸರೋವರವೆಂದು ಹೆಸರಿಟ್ಟರು. ಆ ಬಾವಿಯು ಇಂದಿಗೂ ಉಂಟು, ಊರಿನವರು ಅದನ್ನು ಕಾಂಗ್ರೆಸ್ ಬಾವಿಯೆನ್ನುವರು. ನೀರಿಗಿಂತ ಕಠಿಣವಾದ ಪ್ರಶ್ನೆ ಮಲದ್ದು. ಸಾವಿರಾರು ಜನರು ಒಂದು ಬಯಲಿನಲ್ಲಿ ಹಲವು ದಿನ ಉಂಡು ಮಲಗಿದರೆ ಏನಾಗುವುದೆಂಬುದಕ್ಕೆ ನಮ್ಮ ಜಾತ್ರೆಗಳೇ ಸಾಕ್ಷಿ. ಆ ಕಾಲದಲ್ಲಿ ಜಾತ್ರೆಯ ಬೆನ್ನಿಗೆ ವಾಂತಿಭೇದಿಯು ಬರುವುದು ಊರಿಗೆ ಬಂದ ತೇರು ಹಿಂದಿರುಗಿದಷ್ಟೇ ನಿಶ್ಚಿತವಾಗಿತ್ತು. ಬೆಳಗಾವಿಯಲ್ಲಿ ಶೌಚದ ಗುಂಡಿಗಳ ಕೆಲಸವನ್ನು ಸ್ವಯಂಸೇವಕರು ಹೊತ್ತರು. ಭಂಗಿಯ ಕೆಲಸವೆಂದು ಮೂಗು ಮುಚ್ಚಿಕೊಳ್ಳುತ್ತಿದ್ದ ಮನೆತನಗಳ ತರುಣರು, ಬ್ರಾಹ್ಮಣರೂ, ಕೈಯಲ್ಲಿ ಸಲಿಕೆ ಹಿಡಿದು ಮಣ್ಣು ಮುಚ್ಚಿದರು.

ಜಾತಿಯ ಕಟ್ಟನ್ನು ಮುರಿಯುವ ಧೈರ್ಯವನ್ನು ಆ ತರುಣರಿಗೆ ಕೊಟ್ಟವರು ಗಾಂಧಿಯವರು, ಅದರಲ್ಲಿ ಸಂದೇಹವಿಲ್ಲ. ಆದರೆ ಧೈರ್ಯವೊಂದರಿಂದಲೇ ನೊಣವು ಅನ್ನಕ್ಕೆ ಬಾರದೆ ಇರದು. ಸಾಲಾಗಿ ನಿಲ್ಲಿಸಿ, ತಂಡತಂಡವಾಗಿ ಹಂಚಿ, ಹೊತ್ತು ಗೊತ್ತುಮಾಡಿ, ಒಬ್ಬನ ಕೆಲಸವನ್ನು ಇನ್ನೊಬ್ಬನು ನೋಡುವಂತೆ ಏರ್ಪಡಿಸಿ, ಶುಚಿತ್ವವನ್ನು ಕವಾಯತಿನ ಹಾಗೆ ನಡೆಸುವ ಶಿಸ್ತು ಬೇಕು. ಆ ಶಿಸ್ತಿನಲ್ಲಿ ತರುಣರನ್ನು ಪಳಗಿಸಿದವರು ಹರ್ಡೀಕರರು. ಸೈನ್ಯದ ಬಿಡಾರಗಳಲ್ಲಿ ಸುಣ್ಣದ ಕಾಲಿನ ನೊಣಗಳನ್ನು ಕಂಡ ಪಂಡಿತನು ಮುಖ್ಯಸ್ಥನಾಗಿದ್ದ ವಿದ್ಯಾಶಾಲೆಯಿಂದ ಬಂದವರು ಅವರು. ಕಾಂಗ್ರೆಸ್ಸಿನ ದೊಡ್ಡ ದೊಡ್ಡ ನಾಯಕರಿಗೆ ಆ ಖಾಕಿಯ ಉಡುಪೂ ಸೀಟಿಯ ಸದ್ದೂ ಸೈನ್ಯದ ಅನುಕರಣೆಯಂತೆ ಕಂಡು ಕೆಲವರು ಶಂಕಿಸಿದ್ದುಂಟು. ನನ್ನ ಎಣಿಕೆಯಲ್ಲಿ ಅದು ಸೈನ್ಯಕ್ಕಿಂತ ಹೆಚ್ಚಾಗಿ ಆರೋಗ್ಯಶಾಸ್ತ್ರದ ಪಾಠವಾಗಿತ್ತು. ಪದವಿಯ ಕಾಗದದಲ್ಲಿದ್ದ ವಿದ್ಯೆಯು ಹುಬ್ಬಳ್ಳಿಯ ಹುಡುಗರ ಕೈಕಾಲುಗಳಿಗೆ ಇಳಿದದ್ದು ಹೀಗೆ.

ಈ ದಳದ ಸ್ತ್ರೀವಿಭಾಗವನ್ನು ಹೊತ್ತವರು ನಮ್ಮ ಜಿಲ್ಲೆಯ ಮಗಳೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆನು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನ ಬೆಡ್‌ಫೋರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಓದುತ್ತಿದ್ದು, ಅಸಹಕಾರದ ಕರೆಗೆ ಓಗೊಟ್ಟು 1923ರಲ್ಲಿ ಮರಳಿದವರು. ಮಿಶಿಗನ್ನಿನಿಂದ ಬಂದ ಹುಬ್ಬಳ್ಳಿಯ ವೈದ್ಯನೂ ಲಂಡನ್ನಿನಿಂದ ಬಂದ ಮಂಗಳೂರಿನ ಹೆಣ್ಣುಮಗಳೂ ಒಂದೇ ಮೈದಾನದಲ್ಲಿ ನಿಂತು ಹಳ್ಳಿಯ ಮಕ್ಕಳಿಗೆ ಸಾಲು ನಿಲ್ಲುವುದನ್ನು ಕಲಿಸಿದರು.

ಆದರೂ ನಷ್ಟವೇನೂ ಆಗಲಿಲ್ಲವೆಂದು ಹೇಳಿದರೆ ಅದು ಪಕ್ಷಪಾತವಾದೀತು. ದಳವು 1931ರಲ್ಲಿ ಕಾಂಗ್ರೆಸ್ಸಿನ ನೇರವಾದ ಅಧೀನಕ್ಕೆ ಬಂತು. 1932ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಚಳವಳಿಯು ಬಿರುಸಾದಂತೆ ಕವಾಯತು ಉಳಿದು ಸಲಿಕೆಯು ಮೂಲೆಗೆ ಸೇರಿತು. ಹಳ್ಳಿಯ ಬಾವಿಗೆ ಕಟ್ಟೆ ಕಟ್ಟಿಸುವ, ಶೌಚಕ್ಕೆ ಸ್ಥಳ ಗೊತ್ತುಮಾಡುವ ಕೆಲಸವು ವರ್ಷಕ್ಕೊಮ್ಮೆ ಕಾಂಗ್ರೆಸ್ಸಿನ ಡೇರೆಗಳಲ್ಲಿ ನಡೆದಂತೆ ವರ್ಷವಿಡೀ ಊರುಗಳಲ್ಲಿ ನಡೆದಿದ್ದರೆ, ಎಷ್ಟು ಮಕ್ಕಳು ಬದುಕುತ್ತಿದ್ದರೋ! ಬೆಳಗಾವಿ ಜಿಲ್ಲೆಯ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದ ಸ್ಥಾಪಕರಲ್ಲಿ ಹರ್ಡೀಕರರೂ ಒಬ್ಬರಾಗಿ, ಆ ಹಳೆಯ ಋಣವನ್ನು ತಕ್ಕಮಟ್ಟಿಗೆ ಸಲ್ಲಿಸಿದರೆನ್ನಬಹುದು. ಸ್ವಾತಂತ್ರ್ಯದ ಮೇಲೆ 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣರಾದರು, 1975ರಲ್ಲಿ ತೀರಿಕೊಂಡರು.

ಹರ್ಡೀಕರರ ವಿಷಯವನ್ನು ಇಷ್ಟಕ್ಕೆ ನಿಲ್ಲಿಸಿ, ಎದುರು ದಿಕ್ಕಿನಿಂದ ಬಂದವರನ್ನು ನೋಡೋಣ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಶಾಲೆಯನ್ನು ತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದ ಫಾದರ್ ಮುಲ್ಲರರ ಕಥೆಯು ಸುಪ್ರಸಿದ್ಧವಾದುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಉಡುಪಿಗೆ ಬಂದವರು ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಸ್ವಿಟ್ಸರ್‌ಲೆಂಡಿನ ಹೆಣ್ಣುಮಗಳು. ಮೊದಲನೆಯ ಮಹಾಯುದ್ಧದಲ್ಲಿ ಸರಕಾರವು ಬಾಸೆಲ್ ಮಿಶನಿನ ಜರ್ಮನರನ್ನು ಹೊರಗೆ ಕಳುಹಿಸಿದಾಗ, ನಮ್ಮ ಸೀಮೆಯಲ್ಲಿ ಅವರು ಬಿಟ್ಟುಹೋದ ಕೆಲಸವು ಸ್ವಿಸ್ ಜನರ ಪಾಲಿಗೆ ಬಂತು. ಆ ಸಮಯದಲ್ಲಿ ಬಂದ ಈ ವೈದ್ಯೆಯು 1923ರ ಜೂನಿನಲ್ಲಿ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಕಾಕಿನಾಡದಲ್ಲಿ ಸೇವಾದಳವು ಹುಟ್ಟಿದ ವರ್ಷವೇ ಅದು. ಮುಂದೆ ಆ ಆಸ್ಪತ್ರೆಗೆ ಅವರ ಹೆಸರೇ ಬಂತು. ಜನರ ಬಾಯಲ್ಲಿ ಅದು ಎಂದೆಂದಿಗೂ ಮಿಶನ್ ಆಸ್ಪತ್ರೆ. 2023ಕ್ಕೆ ಅದಕ್ಕೆ ನೂರು ವರ್ಷ ತುಂಬಿತು.

ಗಂಡಸು ವೈದ್ಯನಿಗೆ ಕೈಯ ನಾಡಿಯನ್ನೂ ತೋರಿಸಲೊಪ್ಪದ ಹೆಂಗಸರಿದ್ದ ಕಾಲವದು. ಹೆರಿಗೆ ಕಷ್ಟವಾದರೆ ಸೂಲಗಿತ್ತಿಯ ಕೈಮೀರಿದ ಮೇಲೆ ದೇವರ ಕಡೆಗೆ ನೋಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅಂಥ ಊರಿಗೆ ಹೆಂಗಸು ವೈದ್ಯೆ ಬಂದುದು ದೊಡ್ಡ ಮಾತೇ. ಆದರೆ ಬಂದ ಮಾತ್ರಕ್ಕೆ ಆಗಲಿಲ್ಲ. ಅವಳ ಮುಂದೆ ಕುಳಿತ ರೋಗಿಯು ತುಳುವಿನಲ್ಲಿ ನೋವನ್ನು ಹೇಳುವಳು, ಕೊಂಕಣಿಯಲ್ಲಿ ಅಳುವಳು, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ನಾಚಿ ತಲೆಯಾಡಿಸುವಳು. ಬಾಸೆಲ್ ಮಿಶನಿನವರಲ್ಲಿ ಒಂದು ಒಳ್ಳೆಯ ಕಟ್ಟಳೆಯಿತ್ತು: ಬಂದವರು ಮೊದಲು ಮುನ್ಶಿಯನ್ನಿಟ್ಟುಕೊಂಡು ದೇಶಭಾಷೆಯನ್ನು ಕಲಿಯಬೇಕು. ಆ ಕಟ್ಟಳೆಯ ಫಲವಾಗಿಯೇ ನಮಗೆ 1886ರಲ್ಲಿ ಮ್ಯಾನ್ನರರ ತುಳು ಕೋಶವೂ 1894ರಲ್ಲಿ ಕಿಟ್ಟೆಲ್ಲರ ಕನ್ನಡ ಕೋಶವೂ ದೊರೆತುವು. ಕೋಶವು ಎಷ್ಟು ದೊಡ್ಡದಾದರೂ ಅದಕ್ಕೆ ಒಂದು ಮಿತಿಯುಂಟು. ಕೋಶಗಳಲ್ಲಿ ನಂಜು ಎಂಬ ಮಾತಿಗೆ ವಿಷವೆಂಬ ಅರ್ಥವೇ ಮುಂದು. ಬಾಣಂತಿಗೆ ಬದನೆಯು ನಂಜು ಎಂದು ಅತ್ತೆಯು ಹೇಳಿದರೆ, ಅವಳು ವಿಷದ ಮಾತಾಡುತ್ತಿಲ್ಲವೆಂಬುದನ್ನು ಕೋಶವು ಹೇಳದು; ಬಾಗಿಲ ಬಳಿ ನಿಂತ ಅತ್ತೆಯೇ ಹೇಳಬೇಕು. ಅತ್ತೆಯನ್ನು ಹೊರಗೆ ಕಳುಹಿಸಿ ಸೊಸೆಗೆ ಮಾತ್ರ ಔಷಧ ಹೇಳಿದ ವೈದ್ಯನ ಔಷಧವು ಬಾವಿಕಟ್ಟೆಯ ಬದಿಯಲ್ಲಿ ಚೆಲ್ಲಿಹೋಗುವುದನ್ನು ನಮ್ಮಲ್ಲಿ ಕಾಣದವರು ಯಾರು? ಆ ಆಸ್ಪತ್ರೆಯು ನೂರು ವರ್ಷ ಬಾಳಿತೆಂದರೆ, ಅಲ್ಲಿ ಅತ್ತೆಯಂದಿರ ಮಾತನ್ನೂ ಕೇಳಿದರೆಂದೇ ನನ್ನ ತಿಳಿವಳಿಕೆ.

ಆ ಬಳಿಕ ಕಾಲಚಕ್ರವು ತಿರುಗಿದ ಬಗೆಯನ್ನು ನೋಡಿದರೆ ಆಶ್ಚರ್ಯವಾಗುವುದು. ಉಡುಪಿಯ ಮಗ್ಗುಲಲ್ಲಿ ಮುರಕಲ್ಲಿನ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಕಲ್ಯಾಣಪುರದ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1997ರಲ್ಲಿ ಮಲೇಶಿಯದ ಮಲಾಕಾದೊಡನೆ ಒಂದು ಒಡಂಬಡಿಕೆಯಾಗಿ, ಅಲ್ಲಿಯ ವಿದ್ಯಾರ್ಥಿಗಳು ವೈದ್ಯಶಿಕ್ಷಣದ ಮೊದಲ ಎರಡೂವರೆ ವರ್ಷಗಳನ್ನು ಮಣಿಪಾಲದಲ್ಲಿ ಕಳೆದು ಉಳಿದುದನ್ನು ತಮ್ಮ ದೇಶದಲ್ಲಿ ಮುಗಿಸುವ ಏರ್ಪಾಡು ನಡೆಯಿತು. ಮಲಯರೂ ಚೀನೀಯರೂ ತಮಿಳರೂ ಆದ ಆ ತರುಣತರುಣಿಯರು ಉಡುಪಿಯ ಬಸ್ಸುಗಳಲ್ಲಿ ‘ಟೈಗರ್ ಸರ್ಕಲ್’ ಎಂದು ಚೀಟು ಕೇಳುವುದು ನಮಗೆ ರೂಢಿಯಾಗಿಹೋಯಿತು. ಒಮ್ಮೆ ನಮ್ಮ ಹುಡುಗನು ಆನ್ ಆರ್ಬರಿಗೆ ಹೋದನು; ಈಗ ನಾನಾ ದೇಶದ ಮಕ್ಕಳು ನಮ್ಮ ಮುರಕಲ್ಲಿನ ಗುಡ್ಡಕ್ಕೆ ಬರುತ್ತಾರೆ. ಅದೇ ಮಿಶಿಗನ್ನಿನಲ್ಲಿ ತಲಚೇರಿಯ ಜಾನಕಿ ಅಮ್ಮಾಳ್ ಎಂಬ ವಿದುಷಿಯು 1931ರಲ್ಲಿ ಸಸ್ಯಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದರೆಂಬುದನ್ನೂ, ಅವರು ಅಭ್ಯಸಿಸಿದ ಗಿಡವು ಬದನೆಯ ಕುಟುಂಬಕ್ಕೆ, ಎಂದರೆ ನಮ್ಮ ಗುಳ್ಳದ ದಾಯಾದಿ ವರ್ಗಕ್ಕೆ ಸೇರಿದ್ದೆಂಬುದನ್ನೂ ಓದಿದಾಗ, ನನ್ನಂಥ ಮಟ್ಟುವಿನವನಿಗೆ ಕಾರಣವಿಲ್ಲದೆ ಸಂತೋಷವಾಯಿತು.

ಆದರೆ ಬರುವವರೆಲ್ಲ ಏನನ್ನು ಕಲಿತು ಹೋಗುತ್ತಾರೆ? ಹೆಚ್ಚಿನವರು ಗುಡ್ಡದ ಮೇಲೆಯೇ ಇದ್ದು ಗುಡ್ಡದ ಮೇಲಿನಿಂದಲೇ ವಿಮಾನ ಹತ್ತುವರು. ನಮ್ಮ ವಿದ್ಯಾರ್ಥಿಗಳು ಪರದೇಶಕ್ಕೆ ಹೋದಾಗಲೂ ಹಾಗೆಯೇ. ಉಪ್ಪಿನಕಾಯಿಯ ಭರಣಿಯೊಡನೆ ಹೋಗಿ, ತಮ್ಮವರೊಡನೆಯೇ ಉಂಡು, ಪದವಿಯೊಡನೆ ಮರಳುವವರೇ ಹೆಚ್ಚು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಪರೀಕ್ಷೆಯ ಭಾರವೂ ಮನೆಯ ಸಾಲವೂ ಹೊಸ್ತಿಲಲ್ಲಿ ಕುಳಿತುಕೊಳ್ಳಲು ಬಿಡುವು ಕೊಡುವುದಿಲ್ಲ. ಹರ್ಡೀಕರರಿಗೆ ಪದವಿಯ ಮೇಲೆ ಐದು ವರ್ಷಗಳು ಸಿಕ್ಕಿದುವು, ಎಲ್ಲರಿಗೂ ಸಿಗುವುವೆ?

ಮೊದಲು ಹೇಳಿದ ಹುಡುಗಿಯು ಆ ಮೇಲೆ ಮೂರು ಸಾರಿ ಬಂದಳು. ಪ್ರಶ್ನೆಗಳ ಕಾಗದವನ್ನು ತರಲಿಲ್ಲ. ಅಜ್ಜಿಯು ಕಾಯಿ ತುರಿಯುವಾಗ ಬದಿಯಲ್ಲಿ ಕುಳಿತಿರುವಳು; ಯಾವುದಕ್ಕೆ ಮೆಣಸು, ಯಾವುದಕ್ಕೆ ಬೆಲ್ಲ, ಹೆತ್ತ ಎಷ್ಟನೆಯ ದಿನಕ್ಕೆ ಯಾವ ಸಾರು ಎಂಬುದನ್ನು ಕೈಸನ್ನೆಯಿಂದಲೂ ತನಗೆ ಬಂದ ಇಪ್ಪತ್ತು ಮೂವತ್ತು ಕನ್ನಡ ಶಬ್ದಗಳಿಂದಲೂ ಕೇಳುವಳು. ಕೊನೆಯ ಸಾರಿ ಬಂದಾಗ ಗುಳ್ಳದ ಗದ್ದೆಯನ್ನು ನೋಡಬೇಕೆಂದಳು. ತಾನೇ ಕೊಯ್ಯಲು ಹೋಗಿ ತೊಟ್ಟಿನ ಮುಳ್ಳು ತಗಲಿ ಬೆರಳಿನಲ್ಲಿ ನೆತ್ತರು ಬಂತು. ಅಜ್ಜಿಯು ಅರಸಿನ ಹಚ್ಚಿ ಬಟ್ಟೆ ಸುತ್ತಿದರು. ಹೊರಡುವ ಹೊತ್ತಿಗೆ ಊರಿನ ಕ್ರಮದಂತೆ ಗುಳ್ಳವನ್ನು ಕೊಟ್ಟು ಕಳುಹಿಸಬೇಕಲ್ಲವೆ? ಹುಡುಗಿಯು ಚೀಲವನ್ನು ಮುಂದೆ ಚಾಚಿದಳು. ಅಜ್ಜಿಯು ಅವಳ ಬೆರಳನ್ನು ಒಮ್ಮೆ ನೋಡಿ, ‘ಗಾಯ ಒಣಗುವ ವರೆಗೆ ನಿನಗೆ ಬೇಡ’ ಎಂದು, ಆರು ಗುಳ್ಳಗಳನ್ನೂ ಅವಳ ಸಹಪಾಠಿಯ ಚೀಲಕ್ಕೆ ಹಾಕಿದರು. ಅವನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯು ನಕ್ಕು, ‘ನಂಜು’ ಎಂದಳು.